ಹಳೆಯ ಕಂಪ್ಯೂಟರಿಗೆ ಇನ್‌ಫ್ರಾರೆಡ್ ಜೋಡಿಸುವುದು ಹೇಗೆ?



ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿ. ಕಂಪ್ಯೂಟರ್ ಪಾಠ ಹೇಳುವಷ್ಟು ಬಲ್ಲವನಲ್ಲ. ಆದರೆ ಕಳೆದ ರಜೆಯಲ್ಲಿ ಮನೆಯ ಒಂದು ಲೆಕ್ಕಕ್ಕಾಗಿ ಈ ಕೆಲಸ ಕಲಿಯಬೇಕಾಯಿತು.

ನನ್ನ ದಾದಾ ಪಿರಿಯಾಪಟ್ಟಣದಲ್ಲಿ ಹೊಗೆಸೊಪ್ಪು ಬೆಳೆಗಾರರಿಗೆ ಹಗ್ಗ, ಗೋಣಿತಾಟು ಮಾರುತ್ತಿದ್ದರು. ತಂಬಾಕು ಹರಾಜು ಮುಗಿದು ರೈತರ ಕೈಗೆ ಹಣ ಬರುವವರೆಗೆ ಅವರ ವ್ಯಾಪಾರವೆಲ್ಲ ಸಾಲದ ಮೇಲೆ. ದಾದಾ ತೀರಿಕೊಂಡ ಮೇಲೆ ಅವರ ಖಾತೆ ಪುಸ್ತಕದಲ್ಲಿ ಒಂದು ಸಾಲು ಸಿಕ್ಕಿತು: "ಕೆ.ಆರ್. ನಗರ ಗೋಣಿ, ಕೊಡಬೇಕಾದ್ದು 6,400". ಹೆಸರಿಲ್ಲ, ವಿಳಾಸವಿಲ್ಲ. ಆಸ್ತಿ ಹಂಚುವ ಮೊದಲು ಸಾಲ ತೀರಬೇಕೆಂದು ಅಬ್ಬಾ ಹಟ ಹಿಡಿದರು.

ನಂಬರ್ ಇದ್ದದ್ದು ದಾದಾ ಅವರ ಹಳೆಯ ಕೀಪ್ಯಾಡ್ ಫೋನಿನಲ್ಲಿ, ಸಿಮ್‌ನಲ್ಲಲ್ಲ. ಪರದೆಯ ಕೆಳಗಿನ ಅರ್ಧ ಕಪ್ಪಾಗಿತ್ತು. ಹೆಸರು ಕಾಣುತ್ತಿತ್ತು, ನಂಬರ್ ಕಾಣುತ್ತಿರಲಿಲ್ಲ. ಅದಕ್ಕೆ ಬ್ಲೂಟೂತ್ ಇಲ್ಲ, ಕೇಬಲ್ ಎಲ್ಲೂ ಸಿಗಲಿಲ್ಲ. ಆದರೆ ಫೋನಿನ ಅಂಚಿನಲ್ಲಿ ಕಪ್ಪು ಗಾಜಿನಂತಹ ಚಿಕ್ಕ ಕಿಟಕಿಯಿತ್ತು. ಅದೇ ಇನ್‌ಫ್ರಾರೆಡ್. ಹುಣಸೂರಿನಲ್ಲಿ ಮೊದಲು ಮೊಬೈಲ್ ರಿಪೇರಿ ಮಾಡುತ್ತಿದ್ದ ಮಾಮು ಯು.ಎಸ್.ಬಿ. ಇನ್‌ಫ್ರಾರೆಡ್ ಅಡಾಪ್ಟರ್ ಕೊಟ್ಟರು.

ಟಿ.ವಿ. ರಿಮೋಟಿನಂತೆ ಇದೂ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನಿಂದಲೇ ಕೆಲಸ ಮಾಡುತ್ತದೆ. ಬೇರೆ ಬೇರೆ ಕಂಪನಿಗಳ ಸಾಧನಗಳು ಪರಸ್ಪರ ಮಾತನಾಡಲು ಒಂದೇ ನಿಯಮವಿರಲಿ ಎಂದು 1993ರಲ್ಲಿ ಇನ್‌ಫ್ರಾರೆಡ್ ಡೇಟಾ ಅಸೋಸಿಯೇಷನ್ ಹುಟ್ಟಿತು. ಅದರ ಹೆಸರಿನಿಂದಲೇ ಈ ಜೋಡಣೆಗೆ 'ಐ.ಆರ್.ಡಿ.ಎ.' ಎನ್ನುತ್ತಾರೆ. ವಿಂಡೋಸ್ ಎಕ್ಸ್‌ಪಿ ಇರುವ ನಮ್ಮ ಕಂಪ್ಯೂಟರಿನಲ್ಲಿ ನಾನು ಮಾಡಿದ ಕ್ರಮ ಹೀಗಿದೆ:

1. ಅಡಾಪ್ಟರ್ ಚುಚ್ಚಿ, ಅದರ ಸಿ.ಡಿ.ಯಿಂದ ಡ್ರೈವರ್ ಹಾಕಿದೆ. ಯು.ಎಸ್.ಬಿ. ಬದಲು ಮದರ್‌ಬೋರ್ಡಿನ ಪಿನ್‌ಗಳಿಗೇ ಜೋಡಿಸುವ ಇನ್‌ಫ್ರಾರೆಡ್ ಆದರೆ, ಬಯಾಸ್‌ನಲ್ಲಿ ಎರಡನೇ ಸೀರಿಯಲ್ ಪೋರ್ಟನ್ನು ಐ.ಆರ್.ಡಿ.ಎ.ಗೆ ಬದಲಿಸಬೇಕು.

2. ಕಂಟ್ರೋಲ್ ಪ್ಯಾನೆಲ್‌ನಲ್ಲಿ 'ವೈರ್‌ಲೆಸ್ ಲಿಂಕ್' ಬಂದಿದೆಯೇ ನೋಡಿದೆ. ಬಂದರೆ ಕಂಪ್ಯೂಟರ್ ಸಾಧನವನ್ನು ಗುರುತಿಸಿದೆ ಎಂದರ್ಥ.

3. ಫೋನಿನ ಮೆನುವಿನಲ್ಲಿ ಇನ್‌ಫ್ರಾರೆಡ್ ಆನ್ ಮಾಡಿದೆ. ಸುಮ್ಮನೆ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ತಾನೇ ಆಫ್ ಆಗುತ್ತದೆ.

4. ಎರಡೂ ಕಿಟಕಿಗಳನ್ನು ಎದುರುಬದುರು ಇಟ್ಟೆ. ದೂರ ಒಂದು ಮೀಟರ್ ಒಳಗಿರಬೇಕು, ಓರೆ 15 ಡಿಗ್ರಿ ಮೀರಬಾರದು, ನಡುವೆ ಏನೂ ಅಡ್ಡ ಇರಬಾರದು.

5. ಫೋನ್ ಕಂಪನಿಯ ಪಿ.ಸಿ. ಸೂಟ್ ತೆರೆದು ಹೆಸರುಗಳನ್ನು ನಕಲು ಮಾಡಿದೆ.

ಮೊದಲ ದಿನ ಆಗಲೇ ಇಲ್ಲ. ಸಂಪರ್ಕ ಸಿಗುವುದು, ಕಡಿಯುವುದು. ಫೋನೇ ಕೆಟ್ಟಿದೆಯೆಂದು ಅಬ್ಬಾ ಎದ್ದು ಹೋದರು. ಅದನ್ನು ಪರೀಕ್ಷಿಸಲು ಒಂದು ಉಪಾಯವಿದೆ: ಇನ್‌ಫ್ರಾರೆಡ್ ಕಿಟಕಿಯನ್ನು ಇನ್ನೊಂದು ಮೊಬೈಲಿನ ಕ್ಯಾಮೆರಾದಲ್ಲಿ ನೋಡುವುದು. ನೋಡಿದರೆ ಮಂದ ನೇರಳೆ ಬೆಳಕು ಮಿನುಗುತ್ತಿತ್ತು! ಫೋನಿನಲ್ಲಿ ತಪ್ಪಿರಲಿಲ್ಲ, ಮೇಜಿನ ಮೇಲೆ ಸಂಜೆಯ ಬಿಸಿಲು ಬೀಳುತ್ತಿತ್ತು. ಬಿಸಿಲಿನಲ್ಲೂ ಅವಕೆಂಪು ಕಿರಣ ಇರುವುದರಿಂದ ಸಾಧನಕ್ಕೆ ಗೊಂದಲವಾಗುತ್ತದೆ. ಪರದೆ ಎಳೆದೆ, ವೇಗವನ್ನು 1,15,200ರಿಂದ 57,600 ಬಿಟ್‌ಗೆ ಇಳಿಸಿದೆ. ಸಂಪರ್ಕ ನಿಂತಿತು.

ವೇಗದ ಲೆಕ್ಕವನ್ನೂ ಹಾಕಿದೆ. ಪ್ರತಿ ಬೈಟ್‌ಗೆ ಆರಂಭ, ಅಂತ್ಯದ ಬಿಟ್ ಸೇರಿ 10 ಬಿಟ್. ಅಂದರೆ 1,15,200 ಬಿಟ್ ವೇಗದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 11,520 ಬೈಟ್. 5 ಎಂ.ಬಿ. ಹಾಡಿಗೆ ಏಳು ನಿಮಿಷಕ್ಕೂ ಹೆಚ್ಚು ಬೇಕು. ಆದರೆ ಹೆಸರು, ನಂಬರುಗಳಿಗೆ ಇಷ್ಟು ಧಾರಾಳ.

ದಾದಾ ಎಲ್ಲರನ್ನೂ ಊರು ಮತ್ತು ಸರಕಿನ ಹೆಸರಿನಲ್ಲಿ ಉಳಿಸಿದ್ದರು: ಬೆಟ್ಟದಪುರ ಹಗ್ಗ, ಹನಗೋಡು ಗೋಣಿ, ಕೋಟೆ ಹಗ್ಗ. ಅವುಗಳ ನಡುವೆ ಕೆ.ಆರ್. ನಗರ ಗೋಣಿಯೂ ಇತ್ತು. ಅಬ್ಬಾ ಆ ರಾತ್ರಿಯೇ ಫೋನ್ ಮಾಡಿದರು. ಆ ಕಡೆಯ ಹಿರಿಯರು, "ಸಾಹೇಬರು ಹೋದರೆಂದು ಗೊತ್ತಾಗಲೇ ಇಲ್ಲವಲ್ಲ" ಎಂದು ಬಹಳ ಹೊತ್ತು ಮಾತನಾಡಿದರು. ಭಾನುವಾರ ನಾವಿಬ್ಬರೂ ಹೋಗಿ ಹಣ ಕೊಟ್ಟು ಬಂದೆವು. ಖಾತೆ ಪುಸ್ತಕದ ಆ ಸಾಲನ್ನು ಅಬ್ಬಾ ನನ್ನ ಕೈಯಿಂದಲೇ ಹೊಡೆಸಿದರು.

ನಿಮ್ಮ ಮನೆಯ ಬೀರುವಿನಲ್ಲೂ ಇಂಥ ಫೋನ್ ಇದ್ದರೆ ಗುಜರಿಗೆ ಹಾಕುವ ಮೊದಲು ಅದರ ಅಂಚಿನಲ್ಲಿ ಕಪ್ಪು ಕಿಟಕಿ ಇದೆಯೇ ನೋಡಿ.