ಕರ್ತೃವಿಲ್ಲದ ವಾಕ್ಯಗಳು: 1858ರ ಮುಂಡರಗಿ ಹಾಗೂ ಮಾಧ್ಯಮ ಭಾಷೆ

ವಸಾಹತು ಕಾಲದ ನೋವನ್ನು ಮಾಧ್ಯಮಗಳ ಭಾಷೆ ಹೇಗೆ ಚೌಕಟ್ಟಿಗೆ ಒಳಪಡಿಸುತ್ತದೆ ಎಂಬುದನ್ನು ಅರಿಯಲು ಗದಗ ಸೀಮೆಯ 1858ರ ಘಟನೆಗಳು ಮುಖ್ಯ ನಿದರ್ಶನವಾಗಿವೆ. ಆ ವರ್ಷದ ಮೇ ತಿಂಗಳ ಕೊನೆಯಲ್ಲಿ ಮುಂಡರಗಿಯ ಭೀಮರಾಯ ಹಾಗೂ ಹಮ್ಮಿಗೆಯ ಕೆಂಚನಗೌಡ ಕಂಪನಿ ಸರಕಾರದ ವಿರುದ್ಧ ಎದ್ದು, ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು, ಕೊಪ್ಪಳದ ಕೋಟೆಯನ್ನು ಹಿಡಿದರು. ಜೂನ್ 1ರಂದು ಕೋಟೆಯನ್ನು ಗೆದ್ದ ಕಂಪನಿಯ ಸೈನ್ಯ ಇಬ್ಬರನ್ನೂ ಕೊಂದಿತು. ನರಗುಂದದ ಬಾಬಾಸಾಹೇಬನನ್ನು ಅದೇ ತಿಂಗಳ 12ರಂದು ಸರಕಾರ ಬೆಳಗಾವಿಯಲ್ಲಿ ಗಲ್ಲಿಗೇರಿಸಿತು.

ಈ ಘಟನೆಗಳನ್ನು ಸ್ಮರಿಸುವ ಬರಹಗಳಲ್ಲಿ ‘ದಂಗೆ’, ‘ಸ್ವಾತಂತ್ರ್ಯ ಸಂಗ್ರಾಮ’ ಎಂಬ ಎರಡು ಪದಗಳು ರೂಢಿಯಲ್ಲಿವೆ. ಮೊದಲನೆಯದು ಆಳುವವರ ಕಡತದ ನೋಟ; ಅಲ್ಲಿ ಶಾಂತಿಭಂಗವೇ ಮುಖ್ಯ, ಅದರ ಕಾರಣ ಗೌಣ. ಎರಡನೆಯದು ಗೌರವದ ಪದವಾದರೂ ಸ್ಥಳೀಯ ಸಂಕಟವನ್ನು ರಾಷ್ಟ್ರಕಥನದಲ್ಲಿ ಕರಗಿಸುತ್ತದೆ. 1857ರ ನಿಃಶಸ್ತ್ರೀಕರಣ ಕಾಯಿದೆ ಮನೆಯ ಆಯುಧವನ್ನು ಕಸಿದುದು, ಇನಾಮು ಭೂಮಿಗಳ ತನಿಖೆ ಹುಟ್ಟಿಸಿದ ಭಯ, ನರಗುಂದದ ದತ್ತಕಕ್ಕೆ ಒಪ್ಪಿಗೆ ದೊರೆಯದುದು ಈ ಎರಡೂ ಪದಗಳಲ್ಲಿ ಕಾಣುವುದಿಲ್ಲ.

ನಾಮಪದಕ್ಕಿಂತ ಕ್ರಿಯಾಪದದ ಪಾತ್ರ ಇನ್ನೂ ಸೂಕ್ಷ್ಮವಾದುದು. ‘ವೀರಮರಣ ಹೊಂದಿದನು’, ‘ಹುತಾತ್ಮನಾದನು’ ಎಂಬಲ್ಲಿ ಸತ್ತವನೇ ಕರ್ತೃ. ಕೊಂದವನಿಗೆ ವಾಕ್ಯದಲ್ಲಿ ಸ್ಥಾನವೇ ಇಲ್ಲ. ‘ಗಲ್ಲಿಗೇರಿಸಲಾಯಿತು’ ಎಂಬ ಕರ್ಮಣಿ ಪ್ರಯೋಗದಲ್ಲಿಯೂ ‘ಇಂದ’ ಪ್ರತ್ಯಯದ ಕರ್ತೃಪದ ಲೋಪವಾಗುತ್ತದೆ. ಕರ್ತರಿ ಪ್ರಯೋಗವೇ ಸಹಜವಾದ ಕನ್ನಡದಲ್ಲಿ ಈ ರೂಪ ಕಚೇರಿ ಮತ್ತು ವರದಿಗಳ ಭಾಷೆಯಲ್ಲಿ ಬಲಗೊಂಡಿತು. ನೋವು ಉಳಿಯುತ್ತದೆ, ಹೊಣೆ ಮಾಯವಾಗುತ್ತದೆ.

‘ಬ್ರಿಟಿಷರ ಆಳ್ವಿಕೆ’ ಎಂಬ ಏಕರೂಪದ ಮಾತೂ ಪರಿಶೀಲನೆಗೆ ಅರ್ಹವಾಗಿದೆ. ಗದಗ-ಬೆಟಗೇರಿ ಮತ್ತು ಮುಂಡರಗಿ ನೇರವಾಗಿ ಮುಂಬಯಿ ಆಧಿಪತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರ ಹಿರಿಯ ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಕೊಪ್ಪಳ ನಿಜಾಮನ ಸೀಮೆಯಲ್ಲಿತ್ತು. ಕೆಲವೇ ಹರದಾರಿಗಳ ಅಂತರದಲ್ಲಿ ಪ್ರಜೆಗೆ ಎದುರಾದ ಅಧಿಕಾರದ ಮುಖಗಳು ಬೇರೆ ಬೇರೆ. ಸಂಸ್ಥಾನದ ಪ್ರಜೆಗೆ ದೊರೆ ಹತ್ತಿರ, ದೊರೆಯ ಮೇಲಿನ ಒಡೆಯ ದೂರ. ಒಂದೇ ಪದದಲ್ಲಿ ಎಲ್ಲವನ್ನೂ ಅಡಕಗೊಳಿಸಿದಾಗ ಈ ಎರಡು ಹಂತದ ಅಧೀನತೆ ಮರೆಯಾಗುತ್ತದೆ.

ಕೊಪ್ಪಳದಲ್ಲಿ ಸೆರೆಸಿಕ್ಕವರಲ್ಲಿ ಅನೇಕರನ್ನು ಸರಕಾರ ಮರಣದಂಡನೆಗೆ ಗುರಿಪಡಿಸಿತು. ನಾಯಕರ ಹೆಸರು ವೃತ್ತಗಳಲ್ಲಿ, ಪ್ರತಿಮೆಗಳಲ್ಲಿ ಉಳಿಯಬಹುದು. ಇವರು ‘ಸಂಗಡಿಗರು’ ಎಂಬ ಬಹುವಚನದಲ್ಲಿಯೇ ಮುಗಿಯುತ್ತಾರೆ. ವಸಾಹತು ಕಾಲದ ನೋವಿನ ದೀರ್ಘಾಯುಷ್ಯ ಅಡಗಿರುವುದು ಈ ಅನಾಮಿಕತೆಯಲ್ಲಿ.

ಆದುದರಿಂದ ವರದಿಯ ವಾಕ್ಯವನ್ನು ತರಗತಿಯಲ್ಲಿ ಕರ್ತರಿಗೆ ತಿರುಗಿಸುವುದು ಕೇವಲ ವ್ಯಾಕರಣದ ಅಭ್ಯಾಸವಾಗಲಾರದು. ಯಾರು, ಯಾರನ್ನು, ಯಾವ ಕಾಯಿದೆಯ ಬಲದಿಂದ ಎಂಬ ಮೂರು ಪ್ರಶ್ನೆಗಳಿಗೆ ಉತ್ತರಿಸುವ ವಾಕ್ಯವೇ ಚರಿತ್ರೆಗೆ ನ್ಯಾಯ ಒದಗಿಸಬಲ್ಲದು.