ಮನೆ ಬದಲಿಸಿ ನೋಡು: ಸರಟೋಗಾ ಸುತ್ತಮುತ್ತ ಬಾಡಿಗೆಗೆ ಇರುವವರಿಗೊಂದು ಪಾಠ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಅಂತ ಹಿರಿಯರು ಹೇಳಿದ್ದು ಒಂದು ಊರಲ್ಲಿ ನೆಲೆ ನಿಂತವರಿಗೆ. ಓದಲಿಕ್ಕೆ ಅಂತ ಇಲ್ಲಿಗೆ ಬಂದ ನಮ್ಮಂಥವರಿಗೆ ಅದು ‘ಮನೆ ಬದಲಿಸಿ ನೋಡು’ ಅಂತಾಗಬೇಕು. ಎರಡು ವರ್ಷದ ಮಾಸ್ಟರ್ಸ್ ಓದುವ ಒಬ್ಬರ ಲೆಕ್ಕ ಹಾಕಿ: ಆಗಸ್ಟ್‌ನಲ್ಲಿ ಒಂದು ಮನೆ, ಮೇ ತಿಂಗಳಲ್ಲಿ ಇಂಟರ್ನ್‌ಶಿಪ್‌ಗೆ ಬೇರೆ ಊರು, ವಾಪಸ್ ಬಂದ ಮೇಲೆ ಇನ್ನೊಂದು ರೂಮು, ಪದವಿ ಮುಗಿದ ಮೇಲೆ ಕೆಲಸ ಸಿಕ್ಕ ಕಡೆ ಮತ್ತೊಂದು. ಎರಡೂವರೆ ವರ್ಷದಲ್ಲಿ ನಾಲ್ಕು ವಿಳಾಸ. ಪ್ರತಿ ಸಲವೂ ಸ್ವಲ್ಪ ದುಡ್ಡು ಸೋರತ್ತೆ. ಕಾಗದಪತ್ರದಲ್ಲಿ ಎಡವಿದರೆ ದುಡ್ಡಿಗಿಂತ ದೊಡ್ಡದೇ ಹೋಗಬಹುದು. ಅದಕ್ಕೇ ಈ ಪಾಠ.

1. ಮೊದಲು ಊರಿನ ಸ್ವಭಾವ

ಸರಟೋಗಾ ಸ್ವಂತ ಮನೆಗಳ ಊರು, ಅಪಾರ್ಟ್‌ಮೆಂಟ್ ಕಡಿಮೆ. ರೈಲು ನಿಲ್ದಾಣ ಇಲ್ಲ. ವೆಸ್ಟ್ ವ್ಯಾಲಿ ಕಾಲೇಜಿಗೆ ವಿಟಿಎ ಬಸ್ಸುಗಳು ಬರುತ್ತವೆ, ಆದರೆ ಗುಡ್ಡದ ಕಡೆಯ ರಸ್ತೆಗಳಲ್ಲಿ ಕಾರಿಲ್ಲದೆ ಓಡಾಟ ಕಷ್ಟ. ಹಾಗಾಗಿ ವಿದ್ಯಾರ್ಥಿಗಳಿಗೆ ಇಲ್ಲಿ ಸಿಗುವುದು ಹೆಚ್ಚಾಗಿ ಯಾರದೋ ಮನೆಯ ಒಂದು ರೂಮು, ಅಥವಾ ಹಿತ್ತಿಲಿನ ಔಟ್‌ಹೌಸ್. ಇಲ್ಲದಿದ್ದರೆ ಪಕ್ಕದ ಕ್ಯುಪರ್ಟಿನೋ, ಕ್ಯಾಂಪ್‌ಬೆಲ್, ಸ್ಯಾನ್ ಹೋಸೆಯಲ್ಲಿ ನಾಲ್ಕು ಜನ ಸೇರಿ ಒಂದು ಅಪಾರ್ಟ್‌ಮೆಂಟ್.

ಈ ಎರಡಕ್ಕೂ ಕಾನೂನಿನಲ್ಲಿ ವ್ಯತ್ಯಾಸ ಇದೆ. ಕ್ಯಾಲಿಫೋರ್ನಿಯಾದಲ್ಲಿ 2020ರಿಂದ ಜಾರಿಯಲ್ಲಿರುವ ಬಾಡಿಗೆದಾರರ ರಕ್ಷಣಾ ಕಾಯ್ದೆಯ ಪ್ರಕಾರ, ಸರಿಯಾದ ಕಾರಣ ಕೊಡದೆ ಮನೆ ಬಿಡಿಸುವಂತಿಲ್ಲ. ಆದರೆ ಈ ರಕ್ಷಣೆ ಸಿಗೋದು ಆ ಮನೆಯಲ್ಲಿ 12 ತಿಂಗಳು ಕಳೆದ ಮೇಲೆ. ಪದೇ ಪದೇ ಮನೆ ಬದಲಿಸುವವರು ಆ ಗೆರೆ ಮುಟ್ಟುವುದೇ ಇಲ್ಲ. ಮಾಲೀಕರ ಜೊತೆ ಅಡುಗೆಮನೆ ಅಥವಾ ಬಚ್ಚಲು ಹಂಚಿಕೊಂಡಿದ್ದರೆ ಅದು ಅನ್ವಯಿಸುವುದೂ ಇಲ್ಲ. ಮಾಲೀಕರು ವಾಸವಿರುವ ಮನೆಯಲ್ಲಿ ನೀವೊಬ್ಬರೇ ಬಾಡಿಗೆಯವರಾಗಿದ್ದರೆ, ನೋಟಿಸಿನ ಅವಧಿ ಮುಗಿದ ಮೇಲೂ ಉಳಿದರೆ ಕೋರ್ಟಿಗೆ ಹೋಗದೆ ಪೊಲೀಸರನ್ನೇ ಕರೆಯಬಹುದು. ‘ನಮ್ಮೂರಿನ ಅಂಕಲ್ ಮನೆ, ಬಾಯಿಮಾತು ಸಾಕು’ ಅನ್ನಬೇಡಿ. ಬಾಡಿಗೆ ಎಷ್ಟು, ನೋಟಿಸ್ ಎಷ್ಟು ದಿನ, ಕರೆಂಟು ನೀರು ಯಾರ ಪಾಲು ಅಂತ ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿಕೊಳ್ಳಿ. ವಿಶ್ವಾಸವೂ ಉಳಿಯತ್ತೆ.

2. ಅಡ್ವಾನ್ಸ್

ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೇಳಿ ಅಭ್ಯಾಸ ಆದ ನಮಗೆ ಇಲ್ಲಿ ಎರಡು ಮೂರು ತಿಂಗಳದ್ದು ಕೇಳಿದರೂ ‘ಪರವಾಗಿಲ್ಲ’ ಅನ್ನಿಸತ್ತೆ. ಪರವಾಗಿ ಇದೆ! 2024ರ ಜುಲೈ 1ರಿಂದ ಇಲ್ಲಿ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಡೆಪಾಸಿಟ್ ಕೇಳುವಂತಿಲ್ಲ. ಒಂದೆರಡು ಬಾಡಿಗೆ ಆಸ್ತಿ, ಎಲ್ಲ ಸೇರಿ ನಾಲ್ಕು ಮನೆ ಮೀರದ ಸಣ್ಣ ಮಾಲೀಕರಿಗೆ ಮಾತ್ರ ಎರಡು ತಿಂಗಳವರೆಗೆ ಅವಕಾಶ. ‘ಕೊನೆ ತಿಂಗಳ ಬಾಡಿಗೆ’, ‘ಕ್ಲೀನಿಂಗ್ ಡೆಪಾಸಿಟ್’ ಅಂತ ಯಾವ ಹೆಸರಿಟ್ಟರೂ ಅದು ಈ ಮಿತಿಯ ಒಳಗೇ ಬರಬೇಕು.

ಮನೆ ಬಿಟ್ಟ 21 ದಿನದೊಳಗೆ ಹಣ ವಾಪಸ್ ಬರಬೇಕು. ಏನಾದರೂ ಹಿಡಿದುಕೊಂಡರೆ ಯಾವುದಕ್ಕೆ ಎಷ್ಟು ಅಂತ ಪಟ್ಟಿ ಕೊಡಬೇಕು. ಕಡಿತ 125 ಡಾಲರ್ ಮೀರಿದರೆ ರಸೀದಿಯೂ ಬೇಕು. ಬಳಸಿ ಸವೆದದ್ದಕ್ಕೆ ಕಡಿತ ಮಾಡುವಂತಿಲ್ಲ. ನಮ್ಮೂರಲ್ಲಿ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುವ ವಾಡಿಕೆ ಇಲ್ಲಿ ನಡೆಯಲ್ಲ. ಒಗ್ಗರಣೆ ಎಣ್ಣೆ ಗೋಡೆಗೆ ಹತ್ತಿ ಕಲೆಯಾದರೆ ಮಾತ್ರ ಅದು ನಮ್ಮ ಲೆಕ್ಕಕ್ಕೇ ಬರತ್ತೆ. ಹೋಗುವ ಎರಡು ವಾರ ಮೊದಲು ‘ಒಮ್ಮೆ ಬಂದು ನೋಡಿ, ಏನು ಸರಿಮಾಡಬೇಕು ಹೇಳಿ’ ಅಂತ ಕೇಳುವ ಹಕ್ಕು ನಿಮಗಿದೆ. ಸೇರುವ ದಿನ, ಬಿಡುವ ದಿನ ಎರಡೂ ಸಲ ಫೋಟೋ ತೆಗೆದಿಡಿ.

ಕೊಡದೆ ಸತಾಯಿಸಿದರೆ ಸ್ಮಾಲ್ ಕ್ಲೇಮ್ಸ್ ಕೋರ್ಟ್ ಇದೆ. ಅಲ್ಲಿ ನಮ್ಮ ಪರ ವಾದಿಸಲು ವಕೀಲರಿಲ್ಲ, ಎದುರಿನವರಿಗೂ ಇಲ್ಲ. ಅರ್ಜಿ ಶುಲ್ಕ ಹೆಚ್ಚಿಲ್ಲ. ಕೆಟ್ಟ ಉದ್ದೇಶದಿಂದ ಹಿಡಿದದ್ದು ಅಂತ ರುಜುವಾತಾದರೆ ಡೆಪಾಸಿಟ್‌ನ ಎರಡರಷ್ಟರವರೆಗೆ ದಂಡವನ್ನೂ ಕೊಡಿಸಬಹುದು.

ಒಂದು ವಿಷಯ ಮನಸ್ಸಿನಲ್ಲಿರಲಿ: ಹಳೆಯ ಡೆಪಾಸಿಟ್ ಬರುವ ಮುಂಚೆಯೇ ಹೊಸದನ್ನು ಕಟ್ಟಬೇಕು. ಅಂದರೆ ಆ ಮೂರು ವಾರ ಎರಡು ಮನೆಯ ಡೆಪಾಸಿಟ್ಟೂ ನಮ್ಮ ಕೈಯಲ್ಲಿರಲ್ಲ. ಒಂದು ಡೆಪಾಸಿಟ್‌ನಷ್ಟು ಹಣವನ್ನು ಬೇರೆಯೇ ಇಟ್ಟು ಮರೆತುಬಿಡುವುದು ಒಳ್ಳೆಯದು.

3. ರೂಮ್‌ಮೇಟ್ ಬದಲಾದಾಗ

ನಾಲ್ವರು ಸೇರಿ ಒಂದೇ ಲೀಸ್‌ಗೆ ಸಹಿ ಹಾಕಿದರೆ ಸಾಮಾನ್ಯವಾಗಿ ಒಬ್ಬೊಬ್ಬರೂ ಪೂರ್ತಿ ಬಾಡಿಗೆಗೆ ಹೊಣೆ. ಒಬ್ಬರು ಕೊಡದಿದ್ದರೆ ಮಾಲೀಕರು ಉಳಿದ ಮೂವರನ್ನು ಕೇಳಬಹುದು.

ಡೆಪಾಸಿಟ್ 3,200 ಡಾಲರ್ ಅಂದುಕೊಳ್ಳಿ, ತಲಾ 800. ಡಿಸೆಂಬರ್‌ನಲ್ಲಿ ಒಬ್ಬರು ಹೋಗುತ್ತಾರೆ. ಲೀಸ್ ಮುಗಿಯುವವರೆಗೆ ಮಾಲೀಕರು ಹಣ ಬಿಡುವುದಿಲ್ಲ, ಹಾಗಾಗಿ ಹೊಸಬರು ಹಳೆಯವರಿಗೆ 800 ಕೊಟ್ಟು ಒಳಗೆ ಬರುತ್ತಾರೆ. ಇಲ್ಲಿ ಎಲ್ಲರೂ ಬಿಟ್ಟುಬಿಡುವ ಹೆಜ್ಜೆ ಒಂದಿದೆ. ಹಳೆಯವರ ಕಾಲದಲ್ಲಿ ಆದ ಹಾನಿಗೆ ಜೂನ್‌ನಲ್ಲಿ ಕಡಿತವಾದರೆ ಹೊಸಬರು ತೆರಬೇಕಾಗತ್ತೆ. ಆದ್ದರಿಂದ ಕೈ ಬದಲಾಗುವ ದಿನ ರೂಮಿನ ಫೋಟೋ ತೆಗೆಯಿರಿ. ‘ಈ ದಿನಾಂಕದವರೆಗಿನ ಹಾನಿ ಇವರದ್ದು, 800 ಸಂದಾಯವಾಗಿದೆ’ ಅಂತ ಬರೆದು ಸಹಿ ಮಾಡಿ. ಹೊಸಬರ ಹೆಸರನ್ನು ಲೀಸ್‌ಗೆ ಸೇರಿಸಿ, ಹೋಗುವವರ ಹೆಸರನ್ನು ತೆಗೆಸಿ. ಹೆಸರು ಉಳಿದುಬಿಟ್ಟರೆ ಸಿಯಾಟಲ್‌ನಲ್ಲಿ ಕೆಲಸಕ್ಕೆ ಸೇರಿದವರಿಗೂ ಇಲ್ಲಿಯ ಬಾಕಿ ತಗಲಿಕೊಳ್ಳತ್ತೆ.

4. ಬಾಡಿಗೆ ಕಡಿಮೆ ಆದರೆ ಉಳಿತಾಯವೇ?

ಉದಾಹರಣೆಗೆ, ಈಗಿನ ರೂಮು 1,100 ಡಾಲರ್, ಹೊಸದು 950. ತಿಂಗಳಿಗೆ 150 ಉಳಿತಾಯ. ಈಗ ಖರ್ಚು ಬರೆಯಿರಿ: ಐದು ದಿನ ಎರಡೂ ಮನೆಗೆ ಬಾಡಿಗೆ, ಸುಮಾರು 160, ಟ್ರಕ್ಕು, ಪೆಟ್ರೋಲು 120, ಪರದೆ, ಬಕೆಟ್ಟು, ದಿನಸಿ ಡಬ್ಬ ಅಂತ 110. ಒಟ್ಟು 390. ಇದು ತೀರಲು ಎರಡೂವರೆ ತಿಂಗಳಿಗಿಂತ ಜಾಸ್ತಿ ಬೇಕು. ಹೊಸ ಮನೆ ಬಸ್ಸಿಗೆ ದೂರ ಇದ್ದು ವಾರಕ್ಕೆ 15 ಡಾಲರ್ ಟ್ಯಾಕ್ಸಿಗೆ ಹೋದರೆ, ತಿಂಗಳ ಉಳಿತಾಯ 90ಕ್ಕೆ ಇಳಿಯತ್ತೆ. ಆಗ ನಾಲ್ಕು ತಿಂಗಳೂ ಸಾಲದು.

5. ವಿಳಾಸ: ದುಡ್ಡಿಗಿಂತ ದೊಡ್ಡದು

ಎಫ್-1 ವಿದ್ಯಾರ್ಥಿಗಳು ಮನೆ ಬದಲಿಸಿದ 10 ದಿನದೊಳಗೆ ಕಾಲೇಜಿನ ಅಂತಾರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ತಿಳಿಸಬೇಕು. ಎಚ್-1ಬಿ ಆದವರು ಅಷ್ಟೇ ದಿನದಲ್ಲಿ ಎಆರ್-11 ತುಂಬಬೇಕು. ಡ್ರೈವಿಂಗ್ ಲೈಸೆನ್ಸ್ ಇದ್ದರೆ ಡಿಎಂವಿಗೂ 10 ದಿನ.

ಅಂಚೆ ಇಲಾಖೆಗೆ ಹೊಸ ವಿಳಾಸ ಕೊಟ್ಟರೆ ಮಾಮೂಲಿ ಕಾಗದಗಳು ಒಂದು ವರ್ಷ ನಿಮ್ಮ ಹಿಂದೆ ಬರುತ್ತವೆ. ಆದರೆ ವಲಸೆ ಇಲಾಖೆ ಕಳಿಸುವ ಓಪಿಟಿ ಕಾರ್ಡ್ ಹಾಗೆ ಹಿಂದೆ ಬರಲ್ಲ, ವಾಪಸ್ ಹೋಗತ್ತೆ. ಕಾರ್ಡ್ ಇಲ್ಲದೆ ಕೆಲಸ ಶುರುಮಾಡುವಂತಿಲ್ಲ; ಅತ್ತ ಓಪಿಟಿ ಅವಧಿಯಲ್ಲಿ ಕೆಲಸವಿಲ್ಲದೆ ಇರಬಹುದಾದ 90 ದಿನದ ಎಣಿಕೆ ನಡೆದೇ ಇರತ್ತೆ. ಆದ್ದರಿಂದ ಅರ್ಜಿ ಬಾಕಿ ಇರುವಾಗ ಮನೆ ಬದಲಿಸಿದರೆ ವಲಸೆ ಇಲಾಖೆಯ ಖಾತೆಯಲ್ಲೂ ವಿಳಾಸ ತಿದ್ದಲೇಬೇಕು. ಆಗದಿದ್ದರೆ ಇನ್ನೂ ಕೆಲವು ತಿಂಗಳು ಕದಲದ ಸ್ನೇಹಿತರ ವಿಳಾಸವನ್ನು ಅಂಚೆಗೆ ಅಂತ ಕೊಡಿ.

6. ಕೈ ಬಿಗಿಯಾದಾಗ

ತರಗತಿ ನಡೆಯುವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಕೆಲಸಕ್ಕೆ ಅವಕಾಶ ಇದೆ. ‘ವೀಕೆಂಡ್ ಅಂಗಡಿಗೆ ಬಾ, ಕ್ಯಾಶ್ ಕೊಡ್ತೀನಿ’ ಅಂತ ಯಾರಾದರೂ ಕರೆದರೆ ಬೇಡ ಅನ್ನಿ. ಬಾಡಿಗೆ ತಡವಾದರೆ ದಂಡ ಕಟ್ಟಬಹುದು, ವೀಸಾ ಹೋದರೆ ಕಟ್ಟಲು ಏನೂ ಉಳಿಯಲ್ಲ. ಕಾನೂನಿನೊಳಗೇ ಸಿಗುವ ಹಣ ನೋಡಿ: ಎಫ್-1ನಲ್ಲಿ ಬಂದು ಐದು ಕ್ಯಾಲೆಂಡರ್ ವರ್ಷ ದಾಟದವರ ಸಂಬಳದಲ್ಲಿ ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್ ಅಂತ 7.65% ಸಾಮಾನ್ಯವಾಗಿ ಹಿಡಿಯಬಾರದು. 4,000 ಡಾಲರ್ ಸಂಬಳಕ್ಕೆ ಅದು 306. ಮೊದಲ ಪೇ ಸ್ಲಿಪ್‌ನಲ್ಲೇ ನೋಡಿ, ಹಿಡಿದಿದ್ದರೆ ವಾಪಸ್ ಕೇಳಿ.

ಅಭ್ಯಾಸ

ಅ) ಬಾಡಿಗೆ 1,050ರಿಂದ 930ಕ್ಕೆ ಇಳಿಯತ್ತೆ, ಬದಲಾವಣೆಗೆ 540 ಖರ್ಚು, ಇರುವುದು ನಾಲ್ಕೇ ತಿಂಗಳು. ಹೋಗಬೇಕೇ? (ಬೇಡ; 60 ಡಾಲರ್ ನಷ್ಟ.)

ಆ) ಒಂದು ಅಪಾರ್ಟ್‌ಮೆಂಟ್ ಕಂಪನಿ ಒಂದು ತಿಂಗಳ ಡೆಪಾಸಿಟ್ ಜೊತೆ ‘ಕೊನೆ ತಿಂಗಳ ಬಾಡಿಗೆ’ಯನ್ನೂ ಮುಂಗಡ ಕೇಳಿದೆ. ಕೊಡಬೇಕೇ? (ಬೇಕಿಲ್ಲ, ಎರಡೂ ಸೇರಿ ಒಂದೇ ತಿಂಗಳದ್ದಾಗಬೇಕು.)

ಇ) ನೀವು ಈಗಿರುವ ಮನೆಯ ವಿಳಾಸ ಕಾಲೇಜು, ಬ್ಯಾಂಕು, ಲೈಸೆನ್ಸ್, ವಲಸೆ ಇಲಾಖೆ ಈ ನಾಲ್ಕೂ ಕಡೆ ಒಂದೇ ಇದೆಯೇ? ಇದರ ಉತ್ತರ ನಮ್ಮ ಹತ್ತಿರ ಇಲ್ಲ. ಇವತ್ತೇ ನೀವೇ ನೋಡಿ.