ಸುಡೊಕು: ಊಹೆ ಬೇಡ, ಕಾರಣ ಬೇಕು

ಮಕ್ಕಳೇ, ದಿನಪತ್ರಿಕೆಗಳಲ್ಲಿ ಬರುವ ಸುಡೊಕು ನಿಮ್ಮಲ್ಲಿ ಹಲವರಿಗೆ ಪರಿಚಿತ. ಅದರಲ್ಲಿ 9 ಅಡ್ಡಸಾಲು, 9 ಕಂಬಸಾಲು, ಒಟ್ಟು 81 ಮನೆಗಳಿವೆ. ದಪ್ಪ ಗೆರೆಗಳು ಈ ಮನೆಗಳನ್ನು 9 ಚೌಕಗಳಾಗಿ ವಿಂಗಡಿಸುತ್ತವೆ. ಪ್ರತಿ ಅಡ್ಡಸಾಲು, ಪ್ರತಿ ಕಂಬಸಾಲು ಮತ್ತು ಪ್ರತಿ ಚೌಕದಲ್ಲಿ 1ರಿಂದ 9ರವರೆಗಿನ ಅಂಕಿಗಳು ಒಂದೊಂದು ಸಲ ಮಾತ್ರ ಬರಬೇಕು. ಕೂಡುವುದು, ಕಳೆಯುವುದು ಏನೂ ಇಲ್ಲ. ಭಾಷೆಯ ತೊಡಕೂ ಇಲ್ಲ. ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಶಾಲೆಗಳಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತೀರಿ. ಎಲ್ಲರೂ ಸೇರಿ ಇದನ್ನು ಬಿಡಿಸಬಹುದು.

'ಸುಲಭ' ಸುಡೊಕು ಬಿಡಿಸಬಲ್ಲವರು 'ಮಧ್ಯಮ' ಸುಡೊಕುವಿನಲ್ಲಿ ಅರ್ಧಕ್ಕೇ ನಿಂತುಬಿಡುವುದುಂಟು. ಆಗ "ಇಲ್ಲಿ 3 ಇರಬಹುದು" ಎಂದು ಊಹಿಸಿ ಬರೆಯಲು ಮನಸ್ಸಾಗುತ್ತದೆ. ಊಹೆ ತಪ್ಪಾದರೂ ಅದು ತಕ್ಷಣ ಕಾಣುವುದಿಲ್ಲ. ಇನ್ನೂ ಇಪ್ಪತ್ತು ಮನೆ ತುಂಬಿದ ಮೇಲೆ ಒಂದೇ ಸಾಲಿನಲ್ಲಿ ಎರಡು 7 ಬರುತ್ತವೆ. ತಪ್ಪು ಎಲ್ಲಿ ಶುರುವಾಯಿತೆಂದು ತಿಳಿಯದೆ ಎಲ್ಲವನ್ನೂ ಅಳಿಸಬೇಕಾಗುತ್ತದೆ. ಊಹೆಯಿಲ್ಲದೆ ಮುಂದೆ ಹೋಗಲು ಮೂರು ವಿಧಾನಗಳನ್ನು ತಿಳಿಯೋಣ ಬನ್ನಿ.

1. ಒಂದೇ ಜಾಗ

ಮನೆಯನ್ನು ನೋಡಿ "ಇಲ್ಲಿ ಯಾವ ಅಂಕಿ?" ಎಂದು ಕೇಳುವ ಬದಲು, ಅಂಕಿಯನ್ನು ಹಿಡಿದು "ಇದಕ್ಕೆ ಜಾಗ ಎಲ್ಲಿ?" ಎಂದು ಕೇಳಿ. ಎಡಗಡೆಯ ಮೇಲಿನ ಚೌಕದಲ್ಲಿ 5 ಇಲ್ಲ ಎಂದುಕೊಳ್ಳಿ. 1ನೇ ಮತ್ತು 3ನೇ ಅಡ್ಡಸಾಲುಗಳ ಬೇರೆ ಚೌಕಗಳಲ್ಲಿ ಈಗಾಗಲೇ 5 ಇದೆ. ಹಾಗಾದರೆ ಈ ಚೌಕದ 5 ಎರಡನೇ ಸಾಲಿನಲ್ಲೇ ಬರಬೇಕು. ಆ ಸಾಲಿನ ಮೊದಲ ಮನೆಯಲ್ಲಿ 8 ಇದೆ. 3ನೇ ಕಂಬಸಾಲಿನಲ್ಲಿ ಕೆಳಗೆ ಒಂದು 5 ಇದೆ, ಆದ್ದರಿಂದ ಮೂರನೇ ಮನೆಯೂ ಆಗದು. ಉಳಿದದ್ದು ನಡುವಿನ ಮನೆ ಒಂದೇ. ಅಲ್ಲಿ 5 ಬರೆಯಿರಿ.

2. ಸಾಲು ಖಚಿತ, ಮನೆ ಅಲ್ಲ

ಒಂದು ಚೌಕದಲ್ಲಿ 6 ಬರಬಹುದಾದ ಮನೆಗಳು ಎರಡು. ಎರಡೂ 4ನೇ ಅಡ್ಡಸಾಲಿನಲ್ಲೇ ಇವೆ. ಅವುಗಳಲ್ಲಿ ಯಾವುದೆಂದು ಈಗ ಹೇಳಲಾಗದು. ಆದರೂ ಒಂದು ವಿಷಯ ಖಚಿತ: 4ನೇ ಸಾಲಿನ 6 ಈ ಚೌಕದೊಳಗೇ ಇದೆ. ಆದ್ದರಿಂದ ಅದೇ ಸಾಲಿನ ಬೇರೆ ಎರಡು ಚೌಕಗಳ ಮನೆಗಳಲ್ಲಿ 6 ಬರುವಂತಿಲ್ಲ.

3. ಜೋಡಿ

ಖಾಲಿ ಮನೆಯ ಮೂಲೆಯಲ್ಲಿ ಅಲ್ಲಿ ಬರಬಹುದಾದ ಅಂಕಿಗಳನ್ನು ಪೆನ್ಸಿಲ್‌ನಿಂದ ಸಣ್ಣದಾಗಿ ಬರೆದಿಟ್ಟುಕೊಳ್ಳಿ. ಈ ಅಡ್ಡಸಾಲನ್ನು ನೋಡಿ:

7 _ 2 | _ 9 _ | _ 5 _

ಇಲ್ಲಿ ಇಲ್ಲದ ಅಂಕಿಗಳು 1, 3, 4, 6, 8. ಕಂಬಸಾಲು ಮತ್ತು ಚೌಕಗಳನ್ನು ನೋಡಿದ ಮೇಲೆ ಉಳಿದ ಸಾಧ್ಯತೆಗಳು ಹೀಗಿವೆ:

2ನೇ ಮನೆ: 3, 8
4ನೇ ಮನೆ: 1, 3, 8
6ನೇ ಮನೆ: 1, 4, 6, 8
7ನೇ ಮನೆ: 3, 8
9ನೇ ಮನೆ: 1, 3, 4, 6

2 ಮತ್ತು 7ನೇ ಮನೆಗಳನ್ನು ಗಮನಿಸಿ. ಒಂದರಲ್ಲಿ 3 ಬಂದರೆ ಇನ್ನೊಂದರಲ್ಲಿ 8 ಬರಲೇಬೇಕು. ಹೇಗೆ ಬಂದರೂ ಈ ಸಾಲಿನ 3 ಮತ್ತು 8 ಆ ಎರಡು ಮನೆಗಳಿಗೇ ಸೇರಿದವು. ಉಳಿದ ಮನೆಗಳಿಂದ ಅವನ್ನು ಹೊಡೆದುಹಾಕಿ. 4ನೇ ಮನೆಯಲ್ಲಿ 1 ಮಾತ್ರ ಉಳಿಯಿತು! 1 ಅಲ್ಲಿಗೆ ಹೋದ ಮೇಲೆ 6 ಮತ್ತು 9ನೇ ಮನೆಗಳಲ್ಲಿ 4, 6 ಎಂಬ ಹೊಸ ಜೋಡಿ ಸಿಕ್ಕಿತು. ಯಾವುದು ಎಲ್ಲಿ ಎಂದು ತಿಳಿಯುವವರೆಗೆ ಅವನ್ನು ಹಾಗೆಯೇ ಬಿಡಿ.

'ಇಲ್ಲಿ ಇದು ಬರುವುದಿಲ್ಲ' ಎಂದು ತಿಳಿಯುವುದೂ ತಿಳಿವಳಿಕೆಯೇ ಎಂಬುದು ನಿಮಗೆ ಈಗ ಅರ್ಥವಾಗಿರಬೇಕು. ಕಾರ್ಖಾನೆಯಲ್ಲಿ ಯಂತ್ರ ನಿಂತರೆ ಮೆಕ್ಯಾನಿಕ್ ಕಂಡ ಕಂಡ ಭಾಗವನ್ನು ಬದಲಾಯಿಸುವುದಿಲ್ಲ. ವಿದ್ಯುತ್ ಬರುತ್ತಿದೆಯೇ, ಫ್ಯೂಸ್ ಸರಿಯಿದೆಯೇ, ಬೆಲ್ಟ್ ತುಂಡಾಗಿದೆಯೇ ಎಂದು ಒಂದೊಂದನ್ನೇ ಪರೀಕ್ಷಿಸಿ ಬಿಡುತ್ತಾ ಹೋಗುತ್ತಾರೆ. ಕಂಪ್ಯೂಟರ್ ಪ್ರೋಗ್ರಾಂನಲ್ಲಿ ದೋಷ ಹುಡುಕುವವರ ಕ್ರಮವೂ ಇದೇ. ಮುಂದೆ ನೀವು ಯಾವ ಕೆಲಸ ಮಾಡಿದರೂ ಈ ಅಭ್ಯಾಸ ಉಪಯೋಗಕ್ಕೆ ಬರುತ್ತದೆ.

ಒಂದು ನಿಯಮ ಮಾಡಿಕೊಳ್ಳಿ: ಅಂಕಿ ಬರೆಯುವ ಮುನ್ನ ಪಕ್ಕದಲ್ಲಿ ಕುಳಿತ ಗೆಳೆಯ ಅಥವಾ ಗೆಳತಿಗೆ ಅದರ ಕಾರಣ ಹೇಳಿ. ಕಾರಣ ಹೇಳಲಾಗದಿದ್ದರೆ ಬರೆಯಬೇಡಿ.

ಮಾಡಿ ನೋಡಿ

4 _ _ | 1 _ 8 | _ 3 _

ಸಾಧ್ಯತೆಗಳು: 2ನೇ ಮನೆ: 2, 9. 3ನೇ ಮನೆ: 2, 9. 5ನೇ ಮನೆ: 2, 5, 9. 7ನೇ ಮನೆ: 2, 5, 6, 7. 9ನೇ ಮನೆ: 5, 6, 7, 9.

ಅ) ಈಗಲೇ ತುಂಬಬಹುದಾದ ಮನೆ ಯಾವುದು?
ಆ) 2 ಮತ್ತು 3ನೇ ಮನೆಗಳು ಒಂದೇ ಚೌಕದಲ್ಲಿವೆ. ಇದರಿಂದ ಇನ್ನೇನು ತಿಳಿಯುತ್ತದೆ?

ನಿಮಗೆ ಗೊತ್ತೇ?

* ಈ ಆಟವನ್ನು ಈಗಿನ ರೂಪದಲ್ಲಿ ರಚಿಸಿದವರು ಅಮೆರಿಕದ ಹೋವರ್ಡ್ ಗಾರ್ನ್ಸ್. 1979ರಲ್ಲಿ ಅದು ಅಚ್ಚಾಯಿತು. ಸುಡೊಕು ಎಂಬ ಹೆಸರು ಬಂದದ್ದು ಜಪಾನಿನಲ್ಲಿ.
* ಒಂದೇ ಉತ್ತರವಿರುವ ಸುಡೊಕುವಿಗೆ ಕನಿಷ್ಠ 17 ಅಂಕಿಗಳನ್ನಾದರೂ ಕೊಡಬೇಕು. ಐರ್ಲೆಂಡಿನ ಗಣಿತಜ್ಞ ಗ್ಯಾರಿ ಮ್ಯಾಗ್ವಾಯರ್ ಮತ್ತು ಸಂಗಡಿಗರು 2012ರಲ್ಲಿ ಕಂಪ್ಯೂಟರ್ ನೆರವಿನಿಂದ ಇದನ್ನು ತೋರಿಸಿದರು.
* 2017ರ ವಿಶ್ವ ಸುಡೊಕು ಚಾಂಪಿಯನ್‌ಷಿಪ್ ನಡೆದದ್ದು ನಮ್ಮ ಬೆಂಗಳೂರಿನಲ್ಲಿ.

ಉತ್ತರ: ಅ) 5ನೇ ಮನೆ, ಅಲ್ಲಿ 5. ಆ) ಆ ಚೌಕದ ಉಳಿದ ಮನೆಗಳಲ್ಲೂ 2 ಮತ್ತು 9 ಬರುವುದಿಲ್ಲ.